ಆಮೆಯ ಬೆನ್ನಿನ ಏಳು ಗುಳಿ

ಮೊದಲು ನೀವೇ ಒಂದು ಊಹೆ ಮಾಡಿ, ನೋಡೋಣ. ಅರಮನೆಯ ಗೋಪುರಕ್ಕಿಂತ ಎತ್ತರ ಬೆಳೆದ ಒಬ್ಬ ಮಾಯಾವಿ ಇದ್ದ. ಕೊನೆಗೆ ಅವನು ಒಂದು ಹಿಡಿ ಮಣ್ಣಾಗಿ ಒಬ್ಬ ಹೆಂಗಸಿನ ಅಂಗೈ ಮೇಲೆ ಕೂತ. ಅವನ ಮೇಲೆ ಯಾರೂ ಕತ್ತಿ ಎತ್ತಲಿಲ್ಲ. ಯಾರೂ ಮಂತ್ರ ಹಾಕಲಿಲ್ಲ. ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಅವನ ಪ್ರಾಣ ಹುಡುಕಿಕೊಂಡು ಯಾರೂ ಹೋಗಲಿಲ್ಲ. ಹಾಗಾದರೆ ಆದದ್ದೇನು?

ಬೆಂಕಿ ಇಟ್ಟರು ಅನ್ನುತ್ತೀರಾ? ಅಲ್ಲ. ವಿಷ? ಅದಂತೂ ಅಲ್ಲವೇ ಅಲ್ಲ, ವಿಷ ಉಂಡೇ ಅವನು ಬೆಳೆದದ್ದು. ಇನ್ನೊಂದು ಸಲ ಯೋಚಿಸಿ. ಹೊಳೆಯದಿದ್ದರೆ ನಾಚಿಕೆ ಏನಿಲ್ಲ. ಆ ರಾಜ್ಯದ ರಾಜನಿಗೂ ಹೊಳೆದಿರಲಿಲ್ಲ, ಅದಕ್ಕೆಂದೇ ಅನ್ನ ಹಾಕಿ ಸಾಕಿದ್ದ ಮಂತ್ರಿಗಳಿಗೂ ಹೊಳೆದಿರಲಿಲ್ಲ. ನಿಮ್ಮ ಊಹೆಯನ್ನು ಹಾಗೇ ಉಡಿಯಲ್ಲಿ ಕಟ್ಟಿಕೊಂಡು ಕೂತು ಕತೆ ಕೇಳಿ.

ಹಿಂದೆ, ಬಹಳ ಹಿಂದೆ, ಆಮೆಗಳು ಇನ್ನೂ ಮನುಷ್ಯರ ಸಂಗಡ ಮಾತು ಬಿಟ್ಟಿರದ ಕಾಲದಲ್ಲಿ, ಇಳಿಮಲೆ ಎಂಬ ರಾಜ್ಯವಿತ್ತು. ರಾಜ್ಯ ಅಂದರೆ ಒಂದು ಬೆಟ್ಟದ ಇಳಿಜಾರು, ಅಷ್ಟೇ. ಬೆಟ್ಟದ ನೆತ್ತಿಯಲ್ಲೊಂದು ಚಿಲುಮೆ. ಅಲ್ಲಿಂದ ಬೆಳ್ಳಿಹಳ್ಳ ಹೊರಟು, ಮೆಟ್ಟಿಲಿಳಿಯುವ ಮಗುವಿನ ಹಾಗೆ ಒಂದೊಂದೇ ಕೇರಿ ಇಳಿಯುತ್ತಿತ್ತು. ಮೊದಲು ಸೌದೆ ಕಡಿಯುವವರ ಕೊಡಲಿಕೇರಿ. ಅದರ ಕೆಳಗೆ ದನ ಎಮ್ಮೆಗಳ ಹಟ್ಟಿಕೇರಿ. ಅದರ ಕೆಳಗೆ ರಾಗಿ ಬೆಳೆಯುವ ನೇಗಿಲಕೇರಿ. ಅದರ ಕೆಳಗೆ ನೂಲಿಗೆ ನೀಲಿ ಹಾಕುವ ಬಣ್ಣದಕೇರಿ. ಅದರ ಕೆಳಗೆ ರಾಜನ ಅರಮನೆ. ಎಲ್ಲಕ್ಕಿಂತ ಕೆಳಗೆ ಕನ್ನಡಿಕೆರೆ. ಅರಮನೆಯನ್ನು ಅಷ್ಟು ಕೆಳಗೆ ಯಾಕೆ ಕಟ್ಟಿದರು ಅಂತ ಕೇಳಬೇಡಿ. ಮೊದಲನೆಯ ರಾಜನಿಗೆ ಮೊಣಕಾಲು ನೋವಿತ್ತಂತೆ.

ಇಳಿಮಲೆಯ ಜನ ಒಳ್ಳೆಯವರು, ಬಲು ಚೊಕ್ಕಟದವರು. ಮನೆಯೊಳಗೆ ಒಂದು ಹುಲ್ಲುಕಡ್ಡಿ ಬಿದ್ದಿದ್ದರೂ ಸಹಿಸುತ್ತಿರಲಿಲ್ಲ. ಹಬ್ಬ ಬಂತೆಂದರೆ ಮನೆ, ಕೊಟ್ಟಿಗೆ, ಗುಡಾಣ, ಬಾನಿ ಎಲ್ಲ ತಿಕ್ಕಿ ತೊಳೆದು, ಗಲೀಜನ್ನೆಲ್ಲ ತಂದು ಬೆಳ್ಳಿಹಳ್ಳಕ್ಕೆ ಹಾಕಿ ಕೈಮುಗಿಯುತ್ತಿದ್ದರು. ಕೈಮುಗಿದು, "ಹರಿಯೋ ನೀರಿಗೆ ಯಾವ ಮೈಲಿಗೆ?" ಅನ್ನುತ್ತಿದ್ದರು. ಅಜ್ಜ ಹೇಳಿದ ಮಾತು, ಅಜ್ಜನಿಗೆ ಅವನಜ್ಜ ಹೇಳಿದ ಮಾತು. ಗಲೀಜು ಕಣ್ಣೆದುರಿಂದ ಹೋಗುತ್ತಿತ್ತು. ಎಲ್ಲಿಗೆ ಹೋಯಿತೆಂದು ಅದರ ಹಿಂದೆ ಹೋಗಿ ನೋಡಿದವರಿಲ್ಲ.

ಬಣ್ಣದಕೇರಿಯ ಸಣ್ಣವ್ವನಿಗೆ ಇಬ್ಬರು ಮಕ್ಕಳು. ದೊಡ್ಡವನು ಕೆಂಚೀರ, ಆಗತಾನೇ ಮೀಸೆ ಚಿಗುರಿದವನು. ಚಿಕ್ಕವಳು ಸಂಪಿ, ಮುಂದಿನ ಹಾಲುಹಲ್ಲು ಬಿದ್ದವಳು. ಕೆಂಚೀರ ನೀಲಿಯ ಬಾನಿಯಲ್ಲಿ ನೂಲು ಅದ್ದುತ್ತಿದ್ದ. ಅವನ ಕೈ ಮೊಣಕೈವರೆಗೆ ಸದಾ ನೀಲಿ. ಕೆಲಸ ಮುಗಿಯಿತೋ, ಅಳಗುಳಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಗುಳಿಯಿಂದ ಗುಳಿಗೆ ಹುಣಸೆಬೀಜ ಹಂಚುತ್ತ ಹೋಗುವ ಆ ಆಟದಲ್ಲಿ ಅವನನ್ನು ಸೋಲಿಸಿದವರು ಇಳಿಮಲೆಯಲ್ಲೇ ಇರಲಿಲ್ಲ.

"ಆಟ ಆಡಿದ್ರೆ ಹೊಟ್ಟೆ ತುಂಬ್ತದೇನ್ಲಾ?" ಅಂತ ಸಣ್ಣವ್ವ.

"ತುಂಬಲ್ಲ ಕಣವ್ವ. ಆದ್ರೆ ಹಸಿವು ಮರೆತುಹೋಯ್ತದೆ," ಅಂತ ಕೆಂಚೀರ.

ಹೀಗಿರುವಾಗ ಗೌರಿ ಹಬ್ಬ ಬಂತು. ಸಂಪಿ ಮರಳುಗೌರಿ ಮಾಡಲು ಮರಳು ತರುತ್ತೇನೆಂದು ಕನ್ನಡಿಕೆರೆಗೆ ಓಡಿದಳು. ಹೆಸರಿಗೆ ಕನ್ನಡಿ, ಎಷ್ಟೋ ಕಾಲದಿಂದ ಅದರಲ್ಲಿ ಯಾರ ಮುಖವೂ ಕಂಡಿರಲಿಲ್ಲ. ಮರಳಿಗೆಂದು ಕೈ ಹಾಕಿದಳು, ಕೆಸರು ಬಂತು. ಇನ್ನೊಮ್ಮೆ ಹಾಕಿದಳು, ಕೆಸರೇ ಬಂತು. ಮೂರನೆಯ ಸಲ ಹಾಕಿದಳು. ಕೆಸರು ಅವಳ ಕೈ ಹಿಡಿದುಕೊಂಡು ಎದ್ದು ನಿಂತಿತು.

ಅವನೇ ಕಗ್ಗೆಸರ. ಕೆರೆಯ ತಳದಲ್ಲಿ ಕೂಡಿಬಿದ್ದ ಕೊಳೆಯಿಂದ ತಾನೇ ತಾನಾಗಿ ಹುಟ್ಟಿಕೊಂಡ ಮಾಯಾವಿ. ಆಗ ಅವನು ಆಳೆತ್ತರ ಇದ್ದ.

"ಥೂ, ಏನಿಷ್ಟು ಗಲೀಜಾಗಿದೀಯ?" ಅಂದಳು ಸಂಪಿ. "ನಿಮ್ಮವ್ವ ನಿಂಗೆ ನೀರು ಹುಯ್ಯಲ್ವಾ?"

ಮಾಯಾವಿಗಳಿಗೆ ಬೈಗುಳ ತಾಗುವುದಿಲ್ಲ. ಮಕ್ಕಳ ಪ್ರಶ್ನೆ ತಾಗುತ್ತದೆ. ಕಗ್ಗೆಸರ ಬುಸುಗುಟ್ಟಿ ಒಂದು ಬೊಗಸೆ ನೀರು ಎರಚಿದ. ಸಂಪಿ ಬೆಳ್ಳಿ ಬಣ್ಣದ ಪುಟ್ಟ ಮೀನಾಗಿ ಕೆರೆಗೆ ಬಿದ್ದಳು.

ತಂಗಿಯನ್ನು ಹುಡುಕಿಕೊಂಡು ಬಂದ ಕೆಂಚೀರನಿಗೆ ದಡದಲ್ಲಿ ಅವಳ ಪುಟ್ಟ ಬುಟ್ಟಿ ಕಂಡಿತು, ಬುಟ್ಟಿಯ ಪಕ್ಕ ಮಾಯಾವಿ ಕಂಡ. ಕೆಂಚೀರ ಅವನ ಮೇಲೆ ಬಿದ್ದ. ಕೆಸರಿನ ಮೇಲೆ ಬಿದ್ದರೆ ಏನಾಗುತ್ತದೆ? ಮುಳುಗಿ ಎದ್ದ.

"ಹೊಡೆದರೆ ಸಾಯೋನಲ್ಲ ನಾನು," ಎಂದು ಕಗ್ಗೆಸರ ನಕ್ಕ. "ಕೇಳು. ನೀರು ತುಂಬುವ ಹಬ್ಬದ ಸಂಜೆ ನೀನು ಕೊಡ ತುಂಬಲು ಇಲ್ಲಿಗೆ ಬಾ. ಮೀನಾಗಿರುವ ನಿನ್ನ ತಂಗಿ ಈ ನೀರಿನೊಳಗೆ ನಿನ್ನ ಕಣ್ಣಿಗೆ ಕಂಡರೆ ಅವಳು ನಿನ್ನವಳು. ಕಾಣದಿದ್ದರೆ ಎಂದೆಂದಿಗೂ ನನ್ನವಳು. ಕೆರೆ ಕೆಡಿಸಿದವನು ನಾನಲ್ಲಪ್ಪ, ಮೇಲಿನವರು. ಹೋಗು, ಯಾರೆಂದು ಕೇಳು. ನೀನು ಕೇಳಿದಷ್ಟೂ ನನಗೆ ಊಟ!"

ದೀಪಾವಳಿಯ ಮೊದಲ ಸಂಜೆ ಹಂಡೆ ಬೆಳಗಿ, ಹೂವೇರಿಸಿ, ಹೊಸನೀರು ತುಂಬುವ ಹಬ್ಬಕ್ಕೆ ಉಳಿದಿದ್ದ ಕಾಲ ಎಷ್ಟು! ಎರಡು ತಿಂಗಳೂ ಇಲ್ಲ. ಕೆಂಚೀರ ಒಂದು ದೊಣ್ಣೆ ತೆಗೆದುಕೊಂಡ. ನೀರು ಕೆಡಿಸಿದವನು ಸಿಕ್ಕರೆ ಅವನ ಕಾಲು ಮುರಿಯುವುದೆಂದು ಹೊರಟ.

ಮೊದಲು ಅರಮನೆಗೆ ಹೋದ. ಅಲ್ಲಿ ಹಳ್ಳದ ನಟ್ಟನಡುವೆ ಆನೆಗಳ ಸ್ನಾನ ನಡೆದಿತ್ತು. ರಾಜ ಬಸವಂತರಾಯ ಮಾತ್ರ, "ಅರಮನೆಯ ನೀರಂದರೆ ತೀರ್ಥ ಕಣಯ್ಯ. ಮೇಲೆ ವಿಚಾರಿಸು," ಎಂದು ಬೆಟ್ಟದ ಕಡೆ ಬೆರಳು ತೋರಿಸಿದ. ಕೆರೆಯ ಕಡೆಯಿಂದ 'ಧಡಲ್' ಎಂದು ಸದ್ದಾಯಿತು. ಬಣ್ಣದಕೇರಿಯನ್ನು ಕೆಂಚೀರ ನಿಲ್ಲದೆ ದಾಟಿದ. ನಮ್ಮ ಕೇರಿ ತಾನೇ, ಕೇಳುವುದೇನು?

ನೇಗಿಲಕೇರಿಯಲ್ಲಿ ದೊಡ್ಡತಿಮ್ಮ ಇಳಿಜಾರಿನ ಹೊಲವನ್ನು ಮೇಲಿಂದ ಕೆಳಕ್ಕೆ ಉಳುತ್ತಿದ್ದ. ಸಾಲು ಸಾಲಿನಲ್ಲೂ ಕೆಮ್ಮಣ್ಣು ಹಳ್ಳಕ್ಕೆ ಜಾರುತ್ತಿತ್ತು.

"ಅಣ್ಣ, ನೀರು ಕೆಡಿಸಿದೋರು ನೀವಾ?"

"ನಾನ್ಯಾಕಪ್ಪ ಕೆಡಿಸ್ಲಿ? ಹಟ್ಟಿಯೋರ ಸಗಣಿ ನೀರು ನೋಡೋಗು. ನಂದೇನಿದ್ರೂ ಒಂದಿಷ್ಟು ಮಣ್ಣು, ಹರಿಯೋ ನೀರಿಗೆ ಯಾವ ಮೈಲಿಗೆ?" ಎಂದು ಮೇಲಕ್ಕೆ ಬೆರಳು ತೋರಿಸಿದ. ಕೆಳಗೆ 'ಧಡಲ್' ಎಂದಿತು.

ಹಟ್ಟಿಕೇರಿಯಲ್ಲಿ ಈರಜ್ಜಿಯ ಎಮ್ಮೆಗಳು ಹಳ್ಳದೊಳಗೆ ಮಲಗಿ ಮೆಲುಕು ಹಾಕುತ್ತಿದ್ದವು.

"ಅಜ್ಜಿ, ನೀರು ಕೆಡಿಸಿದೋರು ನೀವಾ?"

"ನನ್ನೆಮ್ಮೆ ನೀರಲ್ಲಿ ಮಲಗ್ದೆ ನಿನ್ನ ಹಾಸಿಗೇಲಿ ಮಲಗ್ಬೇಕೇನ್ಲಾ? ಹರಿಯೋ ನೀರಿಗೆ ಯಾವ ಮೈಲಿಗೆ? ಕೊಡಲಿಕೇರಿಯೋರ ಕೇಳೋಗು!" ಎಂದು ಅಜ್ಜಿ ಬೆರಳು ತೋರಿಸಿದಳು. 'ಧಡಲ್.'

ಕೊಡಲಿಕೇರಿಯಲ್ಲಿ ನೆರಳೇ ಇರಲಿಲ್ಲ. ಕಣ್ಣು ಹಾಯುವವರೆಗೂ ಮೋಟುಗಳು. ಒಂದು ಮೋಟಿನ ಮೇಲೆ ಕರಿಯಣ್ಣ ಕೂತು ಕೊಡಲಿ ಮಸೆಯುತ್ತಿದ್ದ.

"ಅಣ್ಣ, ನೀರು ಕೆಡಿಸಿದೋರು ನೀವಾ?"

"ನಾವಲ್ಲ. ಮೇಲಿನೋರು."

"ನಿಮಗಿಂತ ಮೇಲೆ ಯಾರಿದ್ದಾರಣ್ಣ?"

ಕರಿಯಣ್ಣ ತಲೆ ಕೆರೆದುಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೊನೆಗೆ ಆಕಾಶಕ್ಕೆ ಬೆರಳು ತೋರಿಸಿದ. "ಅಗೋ, ಮಳೆ ಸುರಿಸ್ತಾನಲ್ಲ ಅವ್ನು. ಅವ್ನೇ ಮಣ್ಣು ಕೊಚ್ಚೋನು. ತಾಕತ್ತಿದ್ರೆ ಅವನ್ನ ಕೇಳು!"

'ಧಡಲ್' ಸದ್ದಿಗೆ ಈ ಸಲ ಬೆಟ್ಟವೇ ಅಲುಗಿತು. ಕೆಂಚೀರ ತಿರುಗಿ ನೋಡಿದ. ಆಳೆತ್ತರವಿದ್ದ ಕಗ್ಗೆಸರ ಈಗ ಅರಮನೆಯ ಗೋಪುರದ ಕಳಸಕ್ಕೆ ಕೈ ಊರಿಕೊಂಡು ನಿಂತಿದ್ದ.

ಬೆಟ್ಟದ ನೆತ್ತಿಯ ಚಿಲುಮೆಯ ನೀರು ಮಾತ್ರ ತಿಳಿಯಾಗಿ ಉಕ್ಕುತ್ತಿತ್ತು. ಪಕ್ಕದಲ್ಲಿ ಒಂದು ಮುದಿ ಆಮೆ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಅದರ ಬೆನ್ನಿನ ಚಿಪ್ಪಿನ ಮೇಲೆ ತಲೆಯಿಂದ ಬಾಲದವರೆಗೆ ಏಳು ಗುಳಿಗಳಿದ್ದವು, ಥೇಟ್ ಅಳಗುಳಿ ಮಣೆಯ ಹಾಗೆ.

"ದೊಣ್ಣೆ ಕೆಳಗಿಡಪ್ಪ," ಅಂದಿತು ಆಮೆ. "ಬೆರಳು ತೋರಿಸಿದಾಗಲೆಲ್ಲ ಅವನು ಬೆಳೆಯುತ್ತಾನೆ. ನಾಲ್ಕು ಊಟ ಹಾಕಿಸಿಬಂದೆಯಲ್ಲ, ಸಾಲದೇ?"

"ಹಂಗಾದ್ರೆ ಕೆಡಿಸಿದೋರು ಯಾರಜ್ಜ? ಕೇರಿ ಕೇರೀನೂ ಕೇಳಿದೆ."

"ನಿಮ್ಮ ಕೇರೀನ ಕೇಳಿದೆಯಾ?"

ಕೆಂಚೀರ ನೀರು ಕುಡಿಯಲು ಬಾಗಿ ಚಿಲುಮೆಗೆ ಕೈ ಹಾಕಿದ. ಕೈಯಿಂದ ಒಂದು ನೀಲಿಯ ಎಳೆ ಬಿಟ್ಟುಕೊಂಡು, ತಿಳಿನೀರಿನಲ್ಲಿ ಹಾವಿನ ಹಾಗೆ ಹರಿದು, ಹಳ್ಳಕ್ಕಿಳಿದು, ಕೆಳಕ್ಕೆ ಹೊರಟೇಬಿಟ್ಟಿತು. ಅವನು ಥಟ್ಟನೆ ಕೈ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ. "ಅದು ಬರೀ ಬಣ್ಣ ಕಣಜ್ಜ."

"ಹ್ಞೂಂ, ಬರೀ ಬಣ್ಣ," ಎಂದು ಆಮೆ ಆಕಳಿಸಿತು. "ನೀನು ಆಟದಲ್ಲಿ ಜಾಣನಂತೆ. ನನ್ನನ್ನು ಕೆಳಗೆ ಹೊತ್ತುಕೊಂಡು ಹೋಗು. ಕೇರಿಯವರನ್ನೆಲ್ಲ ಕರೆದು ನನ್ನ ಬೆನ್ನ ಮೇಲೆ ಆಡಿಸು. ಮೂರೇ ಆಟ, ನಾಲ್ಕನೆಯದಕ್ಕೆ ನನ್ನ ಬೆನ್ನು ತಡೆಯುವುದಿಲ್ಲ. ಮೂರರಲ್ಲಿ ಒಂದಾದರೂ ತಿಳಿನೀರಿನಲ್ಲಿ ಮುಗಿಯಬೇಕು. ಒಂದು ಮಾತು ನೆನಪಿಡು: ಈ ಆಟದಲ್ಲಿ ಒಬ್ಬನೇ ಗೆದ್ದರೆ ಎಲ್ಲರೂ ಸೋತರು ಅಂತಲೇ ಅರ್ಥ. ಇನ್ನೊಂದು ಮಾತು: ಗೆದ್ದ ಖುಷಿಗೆ ಬೆನ್ನ ಮೇಲೆ ಗುದ್ದಬೇಡ, ವಯಸ್ಸಾಗಿದೆ."

ಕೆಂಚೀರ ಆಮೆಯನ್ನು ತಲೆಯ ಮೇಲೆ ಹೊತ್ತು ಇಳಿದ. ಅರಮನೆಯ ಅಂಗಳದಲ್ಲಿ ಜಾಗವಾಯಿತು. ಆಟವೆಂದರೆ ಯಾರು ಬರುವುದಿಲ್ಲ? ಜನ ನೆರೆದರು. ರಾಜನೇ ಮೊದಲು ಬಂದು ಕೂತ.

ಆಟ ಹೀಗಿತ್ತು. ಆಮೆಯ ಕತ್ತಿನ ಹತ್ತಿರದ ಗುಳಿ ಚಿಲುಮೆ. ಆಮೇಲಿನ ಐದು ಗುಳಿ ನಾಲ್ಕು ಕೇರಿ ಮತ್ತು ಅರಮನೆ. ಬಾಲದ ಹತ್ತಿರದ್ದು ಕನ್ನಡಿಕೆರೆ. ಅದರಲ್ಲಿ ನಿಜವಾಗಿಯೂ ಒಂದು ಉದ್ಧರಣೆಯಷ್ಟು ನೀರಿತ್ತು, ನೀರಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಿಯ ಮೀನಿತ್ತು. ಕೇರಿಯವರು ತಂತಮ್ಮ ಗುಳಿಯ ಮೇಲೆ ಬೆರಳಿಟ್ಟು ತಂತಮ್ಮ ಕೆಲಸ ಹೇಳಬೇಕು. ಹೇಳಿದೊಡನೆ ಗುಳಿಯಿಂದ ಒಲೆ ಹೊತ್ತಿದ ಹೊಗೆ ಏಳುತ್ತಿತ್ತು, ಜೊತೆಗೆ ಒಂದು ಕೊಳೆಯ ಬೀಜ ಹುಟ್ಟುತ್ತಿತ್ತು: ಹೊಲದ್ದಾದರೆ ಕೆಂಪು, ಬಾನಿಯದಾದರೆ ನೀಲಿ, ಹಟ್ಟಿಯದಾದರೆ ಹಸಿರು. ಎಲ್ಲರ ಸರದಿ ಮುಗಿದ ಮೇಲೆ ಆಮೆ ಒಮ್ಮೆ ಸೀನುತ್ತಿತ್ತು. ಚಿಪ್ಪಿನ ಮೇಲೆ ಅಂಗೈಯಗಲದ ಮೋಡ ಕಟ್ಟಿ ಮಳೆ ಸುರಿದು, ಬೀಜಗಳು ಗುಳಿಯಿಂದ ಗುಳಿಗೆ ಉರುಳುತ್ತಿದ್ದವು.

ಮೊದಲನೆಯ ಆಟ ಶುರುವಾಯಿತು. ಕರಿಯಣ್ಣ ಮರ ಕಡಿದ, ಈರಜ್ಜಿ ಎಮ್ಮೆ ಬಿಟ್ಟಳು, ದೊಡ್ಡತಿಮ್ಮ ಉತ್ತ, ಕೆಂಚೀರ ನೂಲು ಅದ್ದಿದ, ರಾಜ ಆನೆ ತೊಳೆಸಿದ. ಆಮೆ ಸೀನಿತು. ಬೀಜಗಳು ಗಡಗಡನೆ ಉರುಳಿ ಕೆರೆಗೆ ಬಿದ್ದವು. ನೀರು ಕಪ್ಪಾಯಿತು. ಅಕ್ಕಿಕಾಳಿನ ಮೀನು ಮೇಲೆ ಬಂದು ಬಾಯಿ ಬಿಟ್ಟಿತು.

"ನೋಡಿದ್ರಾ, ಹಟ್ಟಿಯೋರ ಬೀಜ!" ಎಂದ ದೊಡ್ಡತಿಮ್ಮ.

"ನಿಂದೇನು ಮಲ್ಲಿಗೆ ಮೊಗ್ಗಾ?" ಎಂದಳು ಈರಜ್ಜಿ.

ಬೆರಳಿಗೆ ಬೆರಳು ಎದುರಾಯಿತು. ಹೊರಗೆ ಧಡಲ್ ಧಡಲ್ ಎಂದು ಕಗ್ಗೆಸರ ಬೆಳೆದ. ಅವನ ನೆರಳು ಅಂಗಳವನ್ನೇ ಮುಚ್ಚಿತು. ಆಟ ಕೆಟ್ಟಿತು.

ಎರಡನೆಯ ಆಟಕ್ಕೆ ರಾಜ ಎದ್ದು ನಿಂತು ಮೀಸೆ ತಿರುವಿ ಆಜ್ಞೆ ಹೊರಡಿಸಿದ: "ಒಂದು ಬೀಜವೂ ಹುಟ್ಟಕೂಡದು!" ಸರಿ. ಮರ ಕಡಿಯಲಿಲ್ಲ, ಎಮ್ಮೆ ಬಿಡಲಿಲ್ಲ, ಉಳಲಿಲ್ಲ, ಅದ್ದಲಿಲ್ಲ. ಕೆರೆ ತಿಳಿಯಾಗತೊಡಗಿತು. ಕೆಂಚೀರನ ಎದೆ ಹಿಗ್ಗಿತು. ಅಷ್ಟರಲ್ಲಿ ಈರಜ್ಜಿ, "ಅಯ್ಯೋ, ನಮ್ಮ ಒಲೆ!" ಎಂದಳು. ಗುಳಿಗಳ ಹೊಗೆ ಒಂದೊಂದಾಗಿ ಆರುತ್ತಿತ್ತು. ಆರಿದ ಗುಳಿಯಿಂದ ಸಣ್ಣಗೆ ಮಕ್ಕಳು ಅಳುವ ಸದ್ದು ಬಂತು. ಯಾರು ತಡೆದುಕೊಂಡಾರು? ಎಲ್ಲರೂ ಒಟ್ಟಿಗೆ ತಂತಮ್ಮ ಗುಳಿಗೆ ಬೆರಳಿಟ್ಟರು. ಬೀಜಗಳು ಪುಟಪುಟನೆ ಹುಟ್ಟಿ, ಹಿಂದಿನದಕ್ಕಿಂತ ಹೆಚ್ಚಾಗಿ ಉರುಳಿ ಕೆರೆಗೆ ಬಿದ್ದವು. "ಮೊದಲು ಬೆರಳಿಟ್ಟೋರು ಯಾರು?" ಎಂದು ಮತ್ತೆ ಜಗಳ. ಕಗ್ಗೆಸರ ಗೋಪುರ ದಾಟಿ ಬೆಳೆದ. ಜನ ಮುಖ ಊದಿಸಿಕೊಂಡು ಮನೆಗೆ ಹೋದರು.

ಉಳಿದದ್ದು ಒಂದೇ ಆಟ. ಎಂದೂ ಸೋಲದ ಕೆಂಚೀರ ಎರಡು ಸೋತು, ಜಗುಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ಹಬ್ಬ ಹತ್ತಿರ ಬರುತ್ತಿತ್ತು. ಸಣ್ಣವ್ವ ಅವನ ಪಕ್ಕ ಬಂದು ಕೂತಳು. ಅವಳು ಅತ್ತು ಅತ್ತು ಕಣ್ಣೀರು ಮುಗಿದಿತ್ತು.

"ಮಗಾ, ನಮ್ಮನೆ ಹಿತ್ತಿಲ ಗೋಡೆ ಬಿರುಕು ಬಿಟ್ಟದ್ದು ನಮಗೆ ಯಾವಾಗ ಗೊತ್ತಾಯ್ತು ಹೇಳು?"

"ಪಕ್ಕದ ಮನೆ ಹಿತ್ತಿಲಿಗೆ ಹೋದಾಗ ನೀನೇ ನೋಡಿದ್ದಲ್ವೇನವ್ವ?"

"ಅಷ್ಟೇಯ," ಅಂದಳು ಸಣ್ಣವ್ವ. "ನಮ್ಮನೇಲಿ ಕೂತು ನೋಡಿದ್ರೆ ಕಾಣ್ತಿರಲಿಲ್ಲ."

ಕೆಂಚೀರ ಚಂಗನೆ ಎದ್ದ. ಮನೆಮನೆಗೆ ಹೋಗಿ, ಕೈಕಾಲು ಹಿಡಿದು, ಈರಜ್ಜಿಯ ಎಮ್ಮೆಗೂ ಒಂದು ಸಲ ನಮಸ್ಕಾರ ಮಾಡಿ, ಎಲ್ಲರನ್ನೂ ಮತ್ತೆ ಅಂಗಳಕ್ಕೆ ತಂದ. "ಈ ಸಲ ಯಾರೂ ಅವರವರ ಗುಳಿ ಹಿಡಿಯೋ ಹಾಗಿಲ್ಲ. ಬೇರೆಯೋರ ಜಾಗದಲ್ಲಿ ಕೂತು ಆಡಬೇಕು."

ರಾಜನಿಗೆ ಬಣ್ಣದಕೇರಿ ಬಂತು. ಸಣ್ಣವ್ವನಿಗೆ ಹಟ್ಟಿಕೇರಿ, ಈರಜ್ಜಿಗೆ ನೇಗಿಲಕೇರಿ, ದೊಡ್ಡತಿಮ್ಮನಿಗೆ ಕೊಡಲಿಕೇರಿ. ಅರಮನೆ ಬಂದದ್ದು ಕರಿಯಣ್ಣನಿಗೆ! ಅವನು ಪಟ್ಟನೆ ಹೆಗಲವಸ್ತ್ರವನ್ನು ಪೇಟ ಸುತ್ತಿಕೊಂಡು, "ಯಾರಲ್ಲಿ! ಆನೆ ತೊಳೀರಿ!" ಎಂದು ಗರ್ಜಿಸಿದ. ಬಸವಂತರಾಯನೇ ಬಿದ್ದುಬಿದ್ದು ನಕ್ಕ.

"ನಿನಗ್ಯಾವ ಗುಳಿಯಯ್ಯ?" ಎಂದು ರಾಜ ಕೇಳಿದ.

"ಕೆರೆ," ಎಂದ ಕೆಂಚೀರ. ಹಿಂದಿನ ಎರಡು ಆಟದಲ್ಲೂ ಆ ಗುಳಿಗೆ ಯಾರೂ ಕೂತಿರಲಿಲ್ಲ.

ಅಲ್ಲಿ ಕೂತ ಮೇಲೆ ಅವನಿಗೊಂದು ಗೊತ್ತಾಯಿತು. ಕೆರೆಯಲ್ಲಿ ಕೂತವನಿಗೆ ಆಟವೇ ಇಲ್ಲ. ಅವನಿಗೆ ಸರದಿ ಬರುವುದಿಲ್ಲ. ಬಂದದ್ದನ್ನೆಲ್ಲ ನುಂಗಿಕೊಂಡು ಸುಮ್ಮನಿರಬೇಕು, ಅಷ್ಟೇ.

ಆಟ ಹೊರಟಿತು. ರಾಜನಿಗೆ ಬಾನಿ ತೊಳೆಯುವ ಉತ್ಸಾಹ ಎಷ್ಟೆಂದರೆ, "ಹರಿಯೋ ನೀರಿಗೆ ಯಾವ ಮೈಲಿಗೆ!" ಎಂದು ಹಾಡುತ್ತ ನೀಲಿಯ ಬೀಜಗಳನ್ನು ರಾಶಿ ಹಾಕಿದ. ಆಮೆ ಸೀನಿತು. ಮಳೆ ಬಿತ್ತು. ನೀಲಿಯ ಬೀಜಗಳು ಉರುಳುರುಳಿ ಕೆಂಚೀರನ ಕೈಯ ಕೆಳಗೇ ಬಿದ್ದವು. ಬೆಳ್ಳಿಯ ಮೀನು ನೀಲಿಗಟ್ಟಿ, ಮಗ್ಗುಲಾಗಿ ತೇಲಿತು.

"ಅಯ್ಯೋ, ಯಾರದು—" ಎಂದು ಕೆಂಚೀರ ರಾಜನ ಕಡೆ ಬೆರಳೆತ್ತಿದ. ಹೊರಗೆ ಕಗ್ಗೆಸರ ನಾಲಗೆ ಚಪ್ಪರಿಸುತ್ತ ಬಾಗಿದ.

ಎತ್ತಿದ ಬೆರಳು ಕೆಂಚೀರನಿಗೇ ಕಂಡಿತು. ನೀಲಿಯ ಬೆರಳು. ಅದು ತೋರಿಸುತ್ತಿದ್ದದ್ದು ರಾಜನನ್ನಲ್ಲ, ರಾಜ ಕೂತ ಗುಳಿಯನ್ನು. ಅದು ಅವನದೇ ಕೇರಿ. ಅವನು ಬೆರಳನ್ನು ನಿಧಾನವಾಗಿ ತಿರುಗಿಸಿ ಎದೆಗೆ ಇಟ್ಟುಕೊಂಡ.

"ಗೌರಿ ಹಬ್ಬಕ್ಕೆ ಅಂತ ಬಾನಿ ತೊಳೆದು ಹಳ್ಳಕ್ಕೆ ಚೆಲ್ಲಿದೋನು ನಾನು," ಎಂದ. "ಮಾರನೆ ಬೆಳಿಗ್ಗೆ ನನ್ನ ತಂಗಿ ಮರಳಿಗೆ ಹೋದ್ಲು. ಆ ಕೆಸರಲ್ಲಿ ನಂದೂ ಇತ್ತು."

'ಸುಸ್ಸ್' ಎಂದು ಒಂದು ಸದ್ದು ಬಂತು. ಕಗ್ಗೆಸರ ಒಂದು ಮಾಳಿಗೆಯಷ್ಟು ಕುಗ್ಗಿದ.

ಈರಜ್ಜಿ ಸಣ್ಣವ್ವ ಹಿಡಿದಿದ್ದ ಗುಳಿಯನ್ನೇ ನೋಡುತ್ತಿದ್ದಳು. "ಏ ಸಣ್ಣವ್ವ, ನಾನೀಗ ರಾಗಿ ಬೆಳೆಯೋಳು. ಆ ಚಿನ್ನದಂಥ ಸಗಣೀನ ಹಳ್ಳಕ್ಕೆ ಯಾಕೆ ಬಿಡ್ತೀಯ? ನನ್ನ ಹೊಲಕ್ಕೆ ಕೊಡಬಾರ್ದಾ?" ಎಂದವಳೇ, ಬಾಯಿಗೆ ಸೆರಗು ಮುಚ್ಚಿಕೊಂಡಳು. "ಥೋ, ಅದು ನನ್ನ ಹಟ್ಟಿ! ಬಿಡ್ತಿರೋಳು ನಾನೇಯ!" ಮತ್ತೆ 'ಸುಸ್ಸ್' ಎಂದಿತು. ಪೇಟದ ಕರಿಯಣ್ಣ, "ಕುಡಿಯೋಕೆ ಕೆಂಪು ನೀರು ಬಂತಲ್ಲ, ಮೇಲೆ ಮರ ಕಡಿದ ಮುಠ್ಠಾಳ ಯಾರು—" ಎಂದು ಅರ್ಧಕ್ಕೇ ನಿಲ್ಲಿಸಿ ಪೇಟ ಬಿಚ್ಚಿದ. ದೊಡ್ಡತಿಮ್ಮ ಕೆಮ್ಮಿ, "ಕೆಂಪು ನಂದು," ಎಂದ. ರಾಜ ತನ್ನ ಆನೆಗಳ ಕಡೆ ನೋಡಿ, ತಾನೂ ಬೆರಳನ್ನು ಎದೆಗೆ ಒತ್ತಿಕೊಂಡ. ಕಗ್ಗೆಸರ ಕುಗ್ಗುತ್ತ ಕುಗ್ಗುತ್ತ ಮತ್ತೆ ಆಳೆತ್ತರಕ್ಕೆ ಬಂದು, ಕೆರೆಗೆ ಹಾರಿ ಅವಿತುಕೊಂಡ.

"ನಿಲ್ಲಿಸಬೇಡಿ, ಆಡಿ," ಎಂದಿತು ಆಮೆ.

ಆಡಿದರು. ಈಗಿನ ಆಟ ಬೇರೆ. ಒಲೆಯೂ ಆರಬಾರದು, ಮೀನೂ ಸಾಯಬಾರದು. ಈರಜ್ಜಿ ಹಸಿರು ಬೀಜಗಳನ್ನು ಬಾಚಿ ಹೊಲದ ಗುಳಿಗೆ ಹಾಕಿಕೊಂಡಳು. ಅವು ಅಲ್ಲೇ ಮೊಳೆತವು. ದೊಡ್ಡತಿಮ್ಮ, "ಹಳ್ಳದ ಎರಡು ದಡದ ಮರ ಮುಟ್ಟಲ್ಲ, ಒಂದು ಕಡಿದ್ರೆ ಎರಡು ನೆಡ್ತೀನಿ," ಎಂದ. ಚಿಪ್ಪಿನ ಮೇಲೆ ಪಾಚಿಯಂಥ ಕಾಡು ಚಿಗುರಿತು. ಇಳಿಜಾರಿಗೆ ಅಡ್ಡಲಾಗಿ ಉತ್ತು, ಬದು ಹಾಕಿ, ಬದುವಿನ ಮೇಲೆ ಲಾವಂಚ ನೆಟ್ಟರೆ ಕೆಂಪು ಬೀಜ ಅಲ್ಲೇ ನಿಲ್ಲುತ್ತಿತ್ತು. ರಾಜ ಬಾನಿಯ ನೀರನ್ನು ಎಲ್ಲಿ ಬಿಡುವುದೆಂದು ಬಹಳ ಹೊತ್ತು ಒದ್ದಾಡಿ, ಜೊಂಡು ಬೆಳೆದ ಗುಂಡಿಗೆ ಬಿಟ್ಟು ತಂಗಿಸಿದ. ಅಲ್ಲಿ ನೀಲಿ ತಳಕ್ಕೆ ಕೂತಿತು. "ನೋಡಿದಿರಾ!" ಎಂದು ಮಂತ್ರಿಗಳ ಕಡೆ ತಿರುಗಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಆಮೆ ಸೀನಿತು. ಮಳೆ ಸುರಿಯಿತು. ಗುಳಿ ಗುಳಿಯಲ್ಲೂ ಹೊಗೆ ಏಳುತ್ತಿತ್ತು, ಕೆರೆಯ ಗುಳಿಗೆ ಬಂದದ್ದು ಬರೀ ನೀರು. ಅಕ್ಕಿಕಾಳಿನ ಮೀನು ಟಣ್ಣನೆ ನೆಗೆಯಿತು. ಕೆಂಚೀರ ಖುಷಿಗೆ ಚಿಪ್ಪಿನ ಮೇಲೆ ಗುದ್ದಿಯೇಬಿಟ್ಟ.

"ಹೇಳಿರಲಿಲ್ಲವೇ?" ಎಂದಿತು ಆಮೆ.

ಚಿಪ್ಪಿನ ಮೇಲೆ ಗೆದ್ದರೆ ಆಯಿತೇ? ನೆಲದ ಮೇಲೆ ಆಗಬೇಡವೇ? ಮಾರನೆಯ ದಿನದಿಂದಲೇ ಇಳಿಮಲೆ ಗುದ್ದಲಿ ಹಿಡಿಯಿತು. ಸಗಣಿಯ ಗಾಡಿ ಹಟ್ಟಿಯಿಂದ ಹೊಲಕ್ಕೆ ಓಡಾಡಿತು. ಬದು ಎದ್ದಿತು, ಲಾವಂಚ ಬೇರು ಬಿಟ್ಟಿತು. ಎಮ್ಮೆಗೆ ಕಲ್ಲುತೊಟ್ಟಿ, ಆನೆಗೆ ಬೇರೆ ಹೊಂಡ ಆದವು. ಆ ಹೊಂಡದ ನೀರು ಬಾಳೆಯ ತೋಟಕ್ಕೆ ಹರಿಯಿತು. ಕೆಂಚೀರ ಹಿತ್ತಿಲಲ್ಲಿ ಗುಂಡಿ ತೋಡಿ ಜೊಂಡು ನೆಟ್ಟ. ಮಾಯೆಯ ಕಾಲ ನೋಡಿ, ನೆಟ್ಟದ್ದು ಬೇಗ ಹಿಡಿಯಿತು. ಬೆಳ್ಳಿಹಳ್ಳ ದಿನದಿನಕ್ಕೆ ಬೆಳ್ಳಗಾಯಿತು.

ಹಬ್ಬದ ಬೆಳಿಗ್ಗೆ ಕಗ್ಗೆಸರ ತನ್ನ ಕೊನೆಯ ಮಾಯೆ ಹೂಡಿದ. ಕೆರೆಯನ್ನು ಕೈಯಿಂದ ಬಡಿದು ಬಡಿದು ಮೋಡ ಎಬ್ಬಿಸಿದ. ಬಾನು ಹರಿದ ಹಾಗೆ ಮಳೆ ಬಂತು. ಮಳೆಯ ಮರೆಯಲ್ಲಿ ಅವನು ಕೇರಿಯಿಂದ ಕೇರಿಗೆ ಓಡುತ್ತ, "ಮೇಲಿನವರು ಬಿಟ್ಟರು, ಮೇಲಿನವರು ಬಿಟ್ಟರು," ಎಂದು ಕಿವಿಗಳಲ್ಲಿ ಊದಿದ.

ಕಾಡು ತಡೆಯಿತು, ಲಾವಂಚ ತಡೆಯಿತು. ಆದರೆ ನೇಗಿಲಕೇರಿಯ ಒಂದು ಬದು, ಹೊಸದು, ಫಟ್ಟನೆ ಒಡೆಯಿತು. ಕೆಂಪು ನೀರು ಬಣ್ಣದಕೇರಿಯ ಬಾಗಿಲಿಗೇ ನುಗ್ಗಿತು. ಜನ ಹೊರಗೆ ಬಂದು ನಿಂತರು. ಕೆಂಚೀರ ನೇಗಿಲಕೇರಿಯ ಕಡೆ ನೋಡಿದ. ಆ ನೀರು ಕೆರೆಗೆ ಇಳಿದರೆ ಸಂಪಿ ಇಲ್ಲ. ಕಗ್ಗೆಸರ ಅವನ ಕಿವಿಯ ಹತ್ತಿರವೇ ಇದ್ದ. "ತೋರಿಸು. ಒಂದೇ ಬೆರಳು. ತೋರಿಸು."

ಅಷ್ಟರಲ್ಲಿ ಮೇಲಿಂದ ದೊಡ್ಡತಿಮ್ಮ ಜಾರುತ್ತ ಏಳುತ್ತ ಓಡಿಬಂದ. "ಒಡೆದದ್ದು ನನ್ನ ಬದು ಕಣ್ರಪ್ಪೋ! ಸರಿಯಾಗಿ ಮೆಟ್ಟಿರಲಿಲ್ಲ, ನಂದೇ ತಪ್ಪು!"

ಕೆಂಚೀರ ಬೆರಳು ತೋರಿಸಬೇಕಿದ್ದ ಕೈಯಿಂದ ಗುದ್ದಲಿ ಎತ್ತಿಕೊಂಡ. "ತಪ್ಪು ಆಮೇಲೆ, ನಡೀ ಅಣ್ಣ, ಕಟ್ಟೋಣ."

ಬಣ್ಣದಕೇರಿಗೆ ಬಣ್ಣದಕೇರಿಯೇ ಅವನ ಹಿಂದೆ ಹತ್ತಿತು. ಹಟ್ಟಿಯವರು ಇಳಿದು ಬಂದರು. ಅರಮನೆಯ ಆನೆಗಳು ಕಲ್ಲು ಹೊತ್ತು ತಂದವು. ಕರಿಯಣ್ಣನೂ ರಾಜನೂ ಒಂದೇ ಬುಟ್ಟಿಯ ಎರಡು ಕಿವಿ ಹಿಡಿದು ಮಣ್ಣು ಸುರಿದರು. ಬದು ನಿಂತಿತು. ಕೆಂಪು ನೀರು ಜೊಂಡಿನ ಗುಂಡಿಯಲ್ಲೇ ತಂಗಿತು. ಅಷ್ಟು ಜನರಲ್ಲಿ ಒಬ್ಬನ ಬೆರಳೂ ಮೇಲೇಳಲಿಲ್ಲ. ಎಲ್ಲರ ಬೆರಳೂ ಮಣ್ಣಲ್ಲಿತ್ತು. ಕಗ್ಗೆಸರ ಹಸಿದ, ಬಾಡಿದ, ಮೊಳಕಾಲೆತ್ತರವಾದ, ಗೇಣುದ್ದವಾದ, ಕೊನೆಗೆ ಒಂದು ಹಿಡಿ ಕೆಸರಾಗಿ ದಾರಿಯಲ್ಲಿ ಬಿದ್ದ. ಮಳೆ ನಿಂತಿತು.

ಸಣ್ಣವ್ವ ಬಗ್ಗಿ ಅವನನ್ನು ಅಂಗೈಗೆ ತೆಗೆದುಕೊಂಡು ಹಿಸುಕಿ ನೋಡಿದಳು. "ಜೇಡಿ ಚೆನ್ನಾಗದೆ," ಅಂದಳು. "ಹಣತೆಗಾಯ್ತು."

ಸಂಜೆ ಕೆಂಚೀರ ಬೆಳಗಿದ ತಾಮ್ರದ ಕೊಡಕ್ಕೆ ಚೆಂಡುಹೂವಿನ ಸರ ಸುತ್ತಿಕೊಂಡು ಕನ್ನಡಿಕೆರೆಗೆ ಹೋದ. ಹಿಂದೆ ಇಡೀ ರಾಜ್ಯ ಕೊಡ ಹಿಡಿದು ಬಂದಿತ್ತು. ಅವನು ಬಾಗಿದ. ಮೊದಲು ತನ್ನ ಮುಖ ಕಂಡಿತು. ಮುಖದ ಕೆಳಗೆ ಮರಳು ಕಂಡಿತು, ಬಿಳಿಯ ಮರಳು. ಮರಳಿನ ಮೇಲೆ, ಅವನ ಕಾಲ ಹತ್ತಿರವೇ, ಒಂದು ಬೆಳ್ಳಿಯ ಮೀನು ಕಂಡಿತು.

"ಸಂಪೀ!"

ನೀರು ಚಿಲ್ಲನೆ ಚಿಮ್ಮಿತು. ಮೊಣಕಾಲುದ್ದದ ನೀರಿನಲ್ಲಿ ಹಲ್ಲಿಲ್ಲದ ಬಾಯಿ ಬಿಟ್ಟುಕೊಂಡು ಹುಡುಗಿ ನಿಂತಿದ್ದಳು. ಎರಡು ಮುಷ್ಟಿಯಲ್ಲೂ ಬಿಳಿಯ ಮರಳು.

"ಅಣ್ಣ, ಮರಳು ಸಿಕ್ತು! ಗೌರಿ ಹಬ್ಬ ಆಗೋಯ್ತಾ?"

"ಆಗೋಯ್ತು ಕಣೇ."

"ನಿನ್ನ ಕೈ ಇನ್ನೂ ನೀಲಿಯಾಗೇ ಅದೆ. ತೊಳೆಯಲ್ವಾ? ಥೂ!"

"ತೊಳೀತೀನಿ," ಎಂದು ಕೆಂಚೀರ ಅಳುತ್ತ ನಕ್ಕ. "ಇಲ್ಲಲ್ಲ. ಗುಂಡಿ ಹತ್ರ."

ಅಂದಿನಿಂದ ಇಳಿಮಲೆಯಲ್ಲಿ ಒಂದು ಪದ್ಧತಿ ಬಂತು. ನೀರು ತುಂಬುವ ಹಬ್ಬದ ಹಿಂದಿನ ವಾರ ಎಲ್ಲ ಕೇರಿಯವರೂ ಅರಮನೆಯ ಅಂಗಳದಲ್ಲಿ ಸೇರಿ ಅಳಗುಳಿ ಆಡುತ್ತಾರೆ, ಆದರೆ ಯಾರೂ ಸ್ವಂತ ಗುಳಿಗೆ ಕೂರುವುದಿಲ್ಲ. ಕೆರೆಯ ಗುಳಿಗೆ ಪ್ರತಿ ವರ್ಷ ಒಬ್ಬೊಬ್ಬರು ಪಾಳಿಯ ಮೇಲೆ ಕೂರುತ್ತಾರೆ, ರಾಜನಿಗೂ ತಪ್ಪಿದ್ದಲ್ಲ. ಬಸವಂತರಾಯ ಕೂತ ವರ್ಷ ಮುಖ ಸಣ್ಣ ಮಾಡಿಕೊಂಡು ಕೂತಿದ್ದನಂತೆ. ಆಮೆ ಚಿಲುಮೆಗೆ ಹಿಂದಿರುಗಿತು, ಬೆನ್ನಿಗೆ ಈರಜ್ಜಿಯಿಂದ ಹರಳೆಣ್ಣೆ ತಿಕ್ಕಿಸಿಕೊಂಡು. ಕೆಂಚೀರ ಊರೂರು ಸುತ್ತಿ ಆ ಆಟ ಕಲಿಸಿದ; "ಆಟ ಆಡಿದ್ರೆ ಹೊಟ್ಟೆ ತುಂಬ್ತದೇನ್ಲಾ?" ಎಂದು ಸಣ್ಣವ್ವ ಮತ್ತೆಂದೂ ಕೇಳಲಿಲ್ಲ. ಬೆಳ್ಳಿಹಳ್ಳ ಇಳಿದಷ್ಟು ದೂರವೂ ಜನ ತಣ್ಣಗೆ ಬಾಳಿದರು.

ಈಗ ಉಡಿಯಲ್ಲಿ ಕಟ್ಟಿಕೊಂಡ ನಿಮ್ಮ ಊಹೆ ಬಿಚ್ಚಿ ನೋಡಿಕೊಳ್ಳಿ. ಸರಿಯಿದ್ದರೆ ನಿಮ್ಮ ಜಾಣತನ, ತಪ್ಪಿದ್ದರೆ ಯಾರ ಕಡೆಗೂ ಬೆರಳು ತೋರಿಸಬೇಡಿ. ಅಂದು ಸಂಜೆ ಸಣ್ಣವ್ವನ ಹೊಸಿಲ ಮೇಲೆ, ಮಾಯಾವಿಯ ಜೇಡಿಯಿಂದ ಮಾಡಿದ ಹಣತೆಯನ್ನು ಸಂಪಿ ತನ್ನ ಕೈಯಾರೆ ಹಚ್ಚಿದಳು. ಅದು ಚಿತ್ರಭಾನು ಸಂವತ್ಸರದ ಆಶ್ವಯುಜ ಬಹುಳ ತ್ರಯೋದಶಿ, ಶುಕ್ರವಾರ, ದನಗಳು ಮನೆಗೆ ಮರಳುವ ಹೊತ್ತು.